ಹಡಗಿನ ರಹದಾರಿ, ಅಧ್ಯಕ್ಷರ ರುಜು

1782ರ ಏಪ್ರಿಲ್ 8ರಂದು ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯದ ಹಡಗೊಂದು ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಆಲಿ’! ಮೈಸೂರಿನ ಹೈದರ್ ಆಗಿನ್ನೂ ಬದುಕಿದ್ದ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಕಾದಾಡುತ್ತಿದ್ದ.

ಅದಾದ ಮೇಲಿನ ದಶಕಗಳ ಅಮೆರಿಕನ್ ಹಡಗುಗಳ ರಹದಾರಿ ಪತ್ರಗಳು ಈಗಲೂ ಹರಾಜಿಗೆ ಬರುತ್ತವೆ. ಕಮ್ಮನಹಳ್ಳಿಯಲ್ಲಿ ಕೂತವರೂ ಫೋನಿನಲ್ಲೇ ಅವನ್ನು ನೋಡಬಹುದು. ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಧ್ಯಕ್ಷರ ರುಜುವಿನ ಕಡೆಗೆ: ವಾಷಿಂಗ್ಟನ್, ಜೆಫರ್ಸನ್, ಮ್ಯಾಡಿಸನ್.

ಆದರೆ ಅಧ್ಯಕ್ಷರು ಆ ಹಡಗುಗಳನ್ನು ಕಂಡೇ ಇರುತ್ತಿರಲಿಲ್ಲ. ಅಚ್ಚಾದ ಖಾಲಿ ನಮೂನೆಗಳಿಗೆ ಅವರು ರುಜು ಹಾಕುತ್ತಿದ್ದರು. ಅವು ಬಂದರಿನ ಸುಂಕದ ಕಟ್ಟೆಗೆ ಹೋಗುತ್ತಿದ್ದವು. ಹಡಗು, ಕಪ್ತಾನ, ಸರಕು, ಗುರಿ ಇವನ್ನೆಲ್ಲ ತುಂಬುತ್ತಿದ್ದುದು ಅಲ್ಲಿನವರು. ಹೀಗಾಗಿ ಒಂದೇ ಹಾಳೆಯಲ್ಲಿ ಎರಡು ಕೈ, ಎರಡು ಶಾಯಿ. ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್, ಡಚ್ ಎಂಬ ನಾಲ್ಕು ಭಾಷೆಗಳಲ್ಲಿ ಅಚ್ಚಾದ ಪತ್ರಗಳೂ ಇವೆ. ನಡುಗಡಲಲ್ಲಿ ತಡೆಯುವವರು ಯಾವ ದೇಶದವರೋ ಯಾರು ಬಲ್ಲರು?

ಮೆಡಿಟರೇನಿಯನ್ ರಹದಾರಿಯದು ಇನ್ನೂ ಸೊಗಸಾದ ಉಪಾಯ. ಹಡಗಿನ ಚಿತ್ರವಿದ್ದ ಚರ್ಮದ ಹಾಳೆಯನ್ನು ಅಲೆಯಂತೆ ಕತ್ತರಿಸಿ, ಮೇಲಿನ ತುಂಡನ್ನು ಉತ್ತರ ಆಫ್ರಿಕಾಕ್ಕೆ ಕಳಿಸುತ್ತಿದ್ದರು. ಕಡಲಲ್ಲಿ ತಡೆಯುವ ಅಲ್ಲಿನ ಹಡಗಿನವರು ಅಮೆರಿಕದ ಹಡಗಿನಲ್ಲಿದ್ದ ಕೆಳತುಂಡನ್ನು ಅದರೊಡನೆ ಕೂಡಿಸಿ ನೋಡುತ್ತಿದ್ದರು. ಅಂಚು ಹೊಂದಿದರೆ ಹಡಗು ಪಾರು.

ನಮ್ಮ ಕರಾವಳಿಗೆ ಈ ಕಾಗದದ ಕಾಟ ಅದಕ್ಕೂ ಹಿಂದಿನದು. ಭಟ್ಕಳ, ಹೊನ್ನಾವರ, ಬಸರೂರುಗಳ ವರ್ತಕರ ಹಡಗುಗಳು 16ನೇ ಶತಮಾನದಿಂದಲೇ ಪೋರ್ಚುಗೀಸರ ‘ಕಾರ್ತಾಜ್’ ಎಂಬ ರಹದಾರಿ ಪಡೆಯಬೇಕಿತ್ತು. ಕಪ್ತಾನ ಯಾರು, ಆಯುಧ ಎಷ್ಟು, ಹೋಗುವುದೆಲ್ಲಿಗೆ ಎಂಬುದನ್ನೆಲ್ಲ ಅದರಲ್ಲಿ ಬರೆದಿರಬೇಕು. ಅದಿಲ್ಲದೆ ಸಿಕ್ಕಿದರೆ ಹಡಗೂ ಸರಕೂ ಜಪ್ತಿ. ಅಮೆರಿಕದ ಪತ್ರ ತನ್ನ ನಾವಿಕನನ್ನು ಕಾಯಲು ಹುಟ್ಟಿದ್ದು. ಕಾರ್ತಾಜ್ ಪರರ ಕಡಲನ್ನು ಕಟ್ಟಿಹಾಕಲು ಹುಟ್ಟಿದ್ದು. ಈ ವ್ಯಾಪಾರದ ಕಥೆಗೆ ಬಿ.ಎಸ್. ಶಾಸ್ತ್ರಿಯವರು ಗೋವಾ–ಕೆನರಾ ಸಂಬಂಧಗಳ ಬಗ್ಗೆ ಬರೆದ ಪುಸ್ತಕವನ್ನು ಓದಲೇಬೇಕು.

ಆದ್ದರಿಂದ ಸಂಗ್ರಾಹಕರು ರುಜುವಿಗಿಂತ ಮೊದಲು ಗುಮಾಸ್ತ ತುಂಬಿದ ಸಾಲುಗಳನ್ನು ಓದಬೇಕು. ಚರಿತ್ರೆ ಇರುವುದು ಅಲ್ಲಿ. ಚೌಕಟ್ಟು ಹಾಕಿ ಬಿಸಿಲು ಬೀಳುವ ಗೋಡೆಗೆ ತೂಗಿದರೆ ಆ ಹಳೆಯ ಶಾಯಿ ಮಾಸಿಹೋಗುತ್ತದೆ. ಊರಿನ ಹಳೆಯ ಪೆಟ್ಟಿಗೆಯಲ್ಲಿ ಇಂಥ ಕಾಗದ ಸಿಕ್ಕಿದವರಿಗೆ ಇನ್ನೊಂದು ಮಾತು: 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ ಐತಿಹಾಸಿಕ ದಾಖಲೆಯೂ ಪುರಾವಸ್ತುವೇ. ಖಾಸಗಿಯವರು ಅದನ್ನು ವಿದೇಶಕ್ಕೆ ಮಾರಿ ಕಳಿಸುವಂತಿಲ್ಲ.