ಜಾತ್ರೆಯ ರೊಟ್ಟಿ, ಮಗಳ ಪರೀಕ್ಷೆ

ಸೋದರಿಯರೇ, ಶಿವರಾತ್ರಿ ಮುಗಿಯಿತು. ಚಳಿ ಶಿವಶಿವಾ ಅಂತ ಹೋಯಿತು. ನಮ್ಮ ಕುಷ್ಟಗಿಯಲ್ಲಿ ಈಗಲೇ ಮಧ್ಯಾಹ್ನ ಅಂಗಳದ ಕಲ್ಲು ಕಾಲು ಸುಡುತ್ತದೆ. ಕಡಲೆ ಸುಲಗಾಯಿ ಮುಗಿದು, ಸೀತನಿ ತಿಂದದ್ದೂ ಆಯಿತು. ಹೊಲ ಇದ್ದವರಿಗೆ ಬಿಳಿಜೋಳ ಕೀಳುವ ಗಡಿಬಿಡಿ, ನಮ್ಮ ಮನೆಯಲ್ಲಿ ಮಗಳ ಹತ್ತನೆಯ ತರಗತಿ ಪರೀಕ್ಷೆಯ ಗಡಿಬಿಡಿ. ಇದರ ನಡುವೆಯೂ ಚಳಿಗಾಲದ ಮಾತೊಂದು ನನ್ನ ಮನಸ್ಸಿನಿಂದ ಹೋಗಿಲ್ಲ. ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಕೊಪ್ಪಳದ ಗವಿಮಠದ ಜಾತ್ರೆ ನಿಮಗೆಲ್ಲ ಗೊತ್ತಿದ್ದದ್ದೇ. ಪುಷ್ಯ ಬಹುಳ ಬಿದಿಗೆಗೆ ತೇರು. 2025ರಲ್ಲಿ ಸಂಕ್ರಾಂತಿಯ ಮರುದಿನ, ಜನವರಿ 15ಕ್ಕೆ ಬಂದಿತ್ತು. 2026ರಲ್ಲಿ ಸಂಕ್ರಾಂತಿಗಿಂತ ಮೊದಲೇ, ಜನವರಿ 5ಕ್ಕೆ ಬಂತು. ತೇರು ಎಳೆದ ಮೇಲೂ ಅಮಾವಾಸ್ಯೆವರೆಗೆ ದಾಸೋಹ ನಡೆಯುತ್ತದೆ. ಅದಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ, ಮಾದಲಿ, ಕಾಳುಕಡಿ ಟ್ರ್ಯಾಕ್ಟರಿನಲ್ಲಿ ಹೋಗುತ್ತವೆ. ಒಂದೊಂದು ರೊಟ್ಟಿಯನ್ನೂ ಯಾರೋ ಒಬ್ಬಾಕೆ ಒಲೆಯ ಮುಂದೆ ಕೂತು ಬಡಿದಿರುತ್ತಾಳೆ.

ನಮ್ಮ ಮನೆಯಿಂದ ಪ್ರತಿವರ್ಷ ಇನ್ನೂರು ರೊಟ್ಟಿ. ಇದು ಅತ್ತೆಯ ಹರಕೆ. ನಾನು ಬಂದ ಮೇಲೆ ಸುರುವಾದದ್ದಲ್ಲ, ಅವರು ಮದುವೆಯಾಗಿ ಬಂದ ವರ್ಷದಿಂದ ನಡೆದದ್ದು. ಈ ಸಲ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಸಂಜೆ, ಅವರು ಎಡಗೈಯಿಂದ ಚಹದ ಬಟ್ಟಲು ಎತ್ತಿದ್ದನ್ನು ನೋಡಿದೆ. ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಎಷ್ಟು ದಿನದಿಂದಲೋ, ಹೇಳಿರಲಿಲ್ಲ. ಡಾಕ್ಟರು ಕೀಲು ಬಿಗಿದಿದೆ, ಎರಡು ತಿಂಗಳು ರೊಟ್ಟಿ ಬಡಿಯಬಾರದು ಅಂದರು.

ಇನ್ನೂರರ ಲೆಕ್ಕ ನನ್ನ ತಲೆಯ ಮೇಲೆ ಬಂತು. ಅತ್ತೆ ಅಂದರು, “ನಿನ್ನ ಮಗಳು ದಿನಾ ಇಪ್ಪತ್ತು ಬಡದ್ರ ಪರೀಕ್ಷಾ ಓಡಿ ಹೋಗತೈತೇನವ್ವಾ?”

ನನಗೆ ಎಲ್ಲಿಂದ ಸಿಟ್ಟು ಬಂತೋ! “ಆಕಿ ಓದ್ಲಿ ಬಿಡ್ರಿ ಅತ್ತಿ. ನಾನೂ ಹತ್ತನೇತ್ತಾ ಪಾಸಾಗಿದ್ದೆ. ಆಮ್ಯಾಲೆ ರೊಟ್ಟಿ ಬಡಿಯೂದು ಬಿಟ್ಟು ಏನ್ ಮಾಡೇನಿ?” ಅಂದುಬಿಟ್ಟೆ. ಅತ್ತೆ ತಿರುಗಿ ಮಾತಾಡಲಿಲ್ಲ. ಎರಡು ದಿನ ತಮ್ಮ ತಾಟು ತಾವೇ, ಎಡಗೈಯಿಂದ ತೊಳೆದಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇಂಥಾದ್ದು ನಿಮ್ಮ ಮನೆಯಲ್ಲೂ ಆಗಿರುತ್ತದೆ, ಬಿಡಿ.

ರೊಕ್ಕ ಕೊಟ್ಟರೆ ಆಯಿತಲ್ಲ ಅನ್ನಿಸಿತು. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬಾಕೆ ರೊಟ್ಟಿ ಬಡಿದು ಮಾರಿಯೇ ಸಂಸಾರ ನಡೆಸುತ್ತಾಳೆ. ಗಂಡ ಇಲ್ಲ, ಎರಡು ಮಕ್ಕಳು. ಖಾನಾವಳಿಗೆ, ಮದುವೆಮನೆಗೆ ಆಕೆಯದೇ ರೊಟ್ಟಿ. ನೋಟು ಮಡಚಿಕೊಂಡು ಹೋಗಿ, “ತಂಗೀ, ಮಠಕ್ಕ ಇನ್ನೂರು ಬೇಕು, ಖಡಕ್ಕಾಗಿ ಮಾಡಿಕೊಡವಾ” ಅಂದೆ.

ಆಕೆ ರೊಕ್ಕ ಮುಟ್ಟಲಿಲ್ಲ. “ಈ ಎರಡು ವಾರ ನಾ ಮಾರೂ ರೊಟ್ಟಿ ಬಡಿಯಂಗಿಲ್ರಿ ಅಕ್ಕಾರ. ನನ್ನ ಮಗ ಮಠದ ಹಾಸ್ಟೆಲಿನ್ಯಾಗ ಅದಾನ. ಎರಡು ವರ್ಷ ಆತು, ಉಂಡದ್ದು ಅಲ್ಲೇ, ಓದಿದ್ದು ಅಲ್ಲೇ. ಮಠಕ್ಕ ಹೋಗೂ ರೊಟ್ಟಿಗೆ ನಾ ರೊಕ್ಕ ಹೆಂಗ ಹಿಡೀಲಿ?” ಎರಡು ವಾರದ ಗಳಿಕೆ ಬಿಡುವುದೆಂದರೆ ಆಕೆಯ ಮನೆಗೆ ಏನು ಎಂಬುದು ನನಗೆ ಗೊತ್ತು. ಮಠದ ಹಾಸ್ಟೆಲಿನಲ್ಲಿ ಬಡವರ ಮಕ್ಕಳು ಸಾವಿರಾರು ಮಂದಿ ಪುಕ್ಕಟೆ ಉಂಡು ಓದುತ್ತಾರೆ ಎಂದು ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೆ. ನೂರು ಹೆಜ್ಜೆಯ ಮೇಲಿನ ಹುಡುಗ ಅಲ್ಲಿದ್ದಾನೆಂದು ಮಾತ್ರ ಕೇಳಿರಲಿಲ್ಲ.

ಮರುದಿನ ರಾತ್ರಿ ತನ್ನ ಪಾಲಿನದು ಮುಗಿಸಿ ಆಕೆಯೇ ನಮ್ಮ ಮನೆಗೆ ಬಂದಳು. ನಾಲ್ಕು ರಾತ್ರಿ ಬಂದಳು. ನಮ್ಮ ಹಿಟ್ಟು ಮುಟ್ಟಿ ನೋಡಿ, “ಜಿಗಿ ಇಲ್ರಿ ಇದಕ್ಕ” ಅಂದಳು. ಬೀಸಿಸಿ ಹದಿನೈದು ದಿನವಾಗಿತ್ತು, ನಿಜ. ಹಳೇ ಹಿಟ್ಟಾದರೆ ಅಂಚು ಸೀಳುತ್ತದೆ. ಅದಕ್ಕೆ ಕುದಿಯುವ ಎಸರು ಹಾಕಿ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ಇದು ನಿಮಗೆ ಗೊತ್ತೇ ಇದೆ. ನನಗೆ ಗೊತ್ತಿಲ್ಲದ್ದು ಇನ್ನೊಂದು: ಬೆಂದ ರೊಟ್ಟಿಯನ್ನು ಬಿಸಿಯಲ್ಲೇ ಪೇರಿಸಬಾರದು. ಒಲೆಯ ಸುತ್ತ ನಿಲ್ಲಿಸಿ ಪೂರಾ ಆರಿಸಿದ ಮೇಲೆಯೇ ಬಟ್ಟೆ ಹಾಸಿದ ಬುಟ್ಟಿಗೆ. ಇಲ್ಲದಿದ್ದರೆ ಬೆವರಿ ಬೂಷ್ಟು ಹಿಡಿಯುತ್ತದೆ. ಪ್ರತಿವರ್ಷ ನಮ್ಮ ಬುಟ್ಟಿಯ ತಳದ ಹತ್ತು ರೊಟ್ಟಿ ಕೆಡುತ್ತಿದ್ದವು, ಕಾರಣ ಈಗ ತಿಳಿಯಿತು.

ಆಕೆ ಎರಡು ಬಡಿಯುವುದರೊಳಗೆ ನಾನು ಒಂದು ಬಡಿಯುತ್ತಿದ್ದೆ. ಅತ್ತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಎಡಗೈಯಲ್ಲಿ ರೊಟ್ಟಿ ಹೊರಳಿಸುತ್ತ ಕೂತರು. “ಅದನ್ನ ತಿರುವಿ ಹಾಕ, ಕರಕ ಆತು” ಅಂತ ತಮ್ಮ ಕೈಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮಾತು ಹಾಗೆಯೇ ಸುರುವಾಯಿತು.

ಕಡೆಯ ರಾತ್ರಿ, “ರೊಕ್ಕ ಬ್ಯಾಡಂದ್ರ ಬಿಡು, ಬ್ಯಾರೆ ಏನಾರ ಹೇಳು” ಅಂದೆ. ಆಕೆ ಸ್ವಲ್ಪ ಸಂಕೋಚಪಟ್ಟು ಹೇಳಿದಳು: “ನನ್ನ ಸಣ್ಣ ಮಗಳು ಎಂಟನೇತ್ತಾ ಅದಾಳ್ರಿ. ಗಣಿತ ಅಂದ್ರ ಅಳತಾಳ. ಸಂಜಿಮುಂದ ಒಂದು ತಾಸು ನಿಮ್ಮ ಮಗಳ ಹಂತ್ಯಾಕ ಕುಂದರಸ್ಲೇನ್ರಿ?”

ಇಪ್ಪತ್ತು ರೊಟ್ಟಿಗೆ ಬಿಡದ ಮಗಳನ್ನು ಪರೀಕ್ಷೆಯ ಹೊತ್ತಿನಲ್ಲಿ ದಿನಾ ಒಂದು ತಾಸು ಬಿಡುವುದು! ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಮಗಳು, “ನಾಳಿಂದನ ಕಳಸ್ರಿ” ಅಂದಳು. ಅತ್ತೆ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಪುಣ್ಯಾತ್ಗಿತ್ತಿ!

ರೊಟ್ಟಿ ಎರಡು ಬುಟ್ಟಿ ತುಂಬಿ ಓಣಿಯ ಟ್ರ್ಯಾಕ್ಟರಿನಲ್ಲಿ ಕೊಪ್ಪಳಕ್ಕೆ ಹೋದವು. ಅವರ ಎರಡು ಬುಟ್ಟಿಯೂ ಪಕ್ಕದಲ್ಲೇ ಇದ್ದವು.

ಆ ಹುಡುಗಿ ಈಗಲೂ ಬರುತ್ತಾಳೆ. ಒಳಗೆ ಸೆಖೆಯೆಂದು ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂಡುತ್ತಾರೆ. ಬೀಜಗಣಿತ ಹೇಳಿಕೊಡಲು ಹೋಗಿ ನನ್ನ ಮಗಳೇ ಎರಡು ಸಲ ತಪ್ಪಿ ತಿದ್ದಿಕೊಂಡಳು. ಅತ್ತೆಯ ಕೈ ಈಗ ಭುಜದ ತನಕ ಏಳುತ್ತದೆ, ಅದರ ಮೇಲೆ ಇಲ್ಲ. ನಿನ್ನೆ ಪಂಚಾಂಗ ತೆಗೆಸಿ ಓದಿಸಿಕೊಂಡರು. ಈ ವರ್ಷ ಅಧಿಕ ಜ್ಯೇಷ್ಠ ಬರುವುದರಿಂದ ಮುಂದಿನ ಜಾತ್ರೆ ಸಂಕ್ರಾಂತಿ ಆದ ಮೇಲೆಯೇ ಅಂತೆ. “ಹಂಗಾರ ಇನ್ನೂ ಭಾಳ ದಿನ ಐತಿ, ಕೈ ಬರತೈತಿ” ಅಂದರು. ಹಿಟ್ಟು ಮಾತ್ರ ಹಿಂದಿನ ದಿನವೇ ಬೀಸಿಸಬೇಕಂತೆ, ಅದು ನನ್ನ ಪಾಲಿಗೆ ಹೇಳಿದ್ದು.