ಸತ್ತಿತೆಂದು ಸಾರುವ ಮೊದಲು

ಮನೆಯ ಮಿಕ್ಸಿ ನಿಂತುಹೋದರೆ ಅದನ್ನು ಬೋರಲು ಹಾಕಿ ನೋಡುವಷ್ಟು ವ್ಯವಧಾನವೂ ನಮ್ಮ ವಿದ್ಯಾವಂತರಲ್ಲಿ ಉಳಿದಂತಿಲ್ಲ. ‘ಮೋಟಾರು ಹೋಯಿತು, ರಿಪೇರಿಗೆ ಸುರಿಯುವ ದುಡ್ಡಿಗೆ ಹೊಸದೇ ಬರುತ್ತದೆ’ ಎಂಬ ತೀರ್ಪನ್ನು ತಲೆಬಾಗಿ ಒಪ್ಪಿಬಿಡುತ್ತೇವೆ. ತೀರ್ಪು ಕೊಟ್ಟವರಾದರೂ ಯಾರು? ಹೊಸದನ್ನು ಮಾರಬೇಕಾದ ಅಂಗಡಿಯವರೇ. ವೈದ್ಯನೇ ಸೌದೆಯ ವ್ಯಾಪಾರಿಯೂ ಆದರೆ ರೋಗಿಯ ಗತಿ ಏನಾದೀತು?

ಮಿಕ್ಸಿಯ ಮೋಟಾರೇನೂ ಬ್ರಹ್ಮವಿದ್ಯೆಯಲ್ಲ. ತಾಮ್ರದ ತಂತಿ ಸುತ್ತಿದ ಆರ್ಮೇಚರು ನಡುವೆ ತಿರುಗುತ್ತದೆ. ಅದರ ಒಂದು ತುದಿಯಲ್ಲಿರುವ ಕಮ್ಯುಟೇಟರಿಗೆ ವಿದ್ಯುತ್ತನ್ನು ಮುಟ್ಟಿಸುವುದು ಸ್ಪ್ರಿಂಗಿನ ಒತ್ತಡದಲ್ಲಿ ನಿಂತ ಎರಡು ಕಾರ್ಬನ್ ಬ್ರಷ್ಷುಗಳು. ಸವೆಯುವುದೇ ಅವುಗಳ ಧರ್ಮ. ಸವೆದು ಗಿಡ್ಡವಾದಾಗ ಕಿಡಿ ಹಾರುತ್ತದೆ, ವಾಸನೆ ಬರುತ್ತದೆ, ಯಂತ್ರ ಸೊರಗಿ ನಿಲ್ಲುತ್ತದೆ. ಜೋಡಿಯನ್ನು ಬದಲಿಸಿ, ಕಮ್ಯುಟೇಟರಿನ ಮೇಲಿನ ಕರಿಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಎಷ್ಟೋ ವೇಳೆ ಸತ್ತದ್ದು ಎದ್ದು ಕೂರುತ್ತದೆ. ಅನೇಕ ಮಿಕ್ಸಿಗಳ ತಳದಲ್ಲಿ ಒಂದು ಕೆಂಪು ಗುಂಡಿಯಿದೆ. ಗಟ್ಟಿ ಉದ್ದಿನ ಹಿಟ್ಟಿನ ಭಾರಕ್ಕೆ ಅದು ಹೊರಚಿಮ್ಮಿ ಮೋಟಾರನ್ನು ಕಾಯುತ್ತದೆ. ಆರಿದ ಮೇಲೆ ಒತ್ತಿದರಾಯಿತು. ಅಷ್ಟನ್ನೂ ಮಾಡದೆ ಗುಜರಿಗೆ ಹೋದ ಮಿಕ್ಸಿಗಳ ಲೆಕ್ಕ ಇಟ್ಟವರಿಲ್ಲ.

ವಿದ್ಯುತ್ತಿನ ಜೊತೆ ಸರಸ ಬೇಡವೆನ್ನುವವರ ಮಾತು ನಿಜ. ಪ್ಲಗ್ಗು ಕಿತ್ತ ಮೇಲೆಯೇ ಸ್ಕ್ರೂಗೆ ಕೈಹಾಕಬೇಕು. ಸುರುಳಿಯೇ ಸುಟ್ಟಿದ್ದರೆ ರೀವೈಂಡಿಂಗ್ ಮಾಡುವವನಲ್ಲಿಗೆ ಒಯ್ಯಬೇಕು. ಅದು ಅವನ ವಿದ್ಯೆ, ಅವನ ಅನ್ನ. ನಾವು ಎಲ್ಲವನ್ನೂ ಗುಜರಿಗೆ ಕೊಟ್ಟರೆ ಅವನು ಉಳಿಯುವುದಾದರೂ ಹೇಗೆ?

ಇನ್ನು ಕೆಲವರದು ಕರೆಂಟಿನ ತಕರಾರು: ಹಳೆಯ ಯಂತ್ರ ಹೆಚ್ಚು ಕುಡಿಯುತ್ತದೆಯಂತೆ. ಸೀಲಿಂಗ್ ಫ್ಯಾನಿನ ವಿಷಯದಲ್ಲಿ ಒಪ್ಪೋಣ. 75 ವಾಟಿನ ಹಳೆಯ ಫ್ಯಾನಿನ ಕೆಲಸವನ್ನು ಬಿ.ಎಲ್.ಡಿ.ಸಿ. ಮೋಟಾರಿನ ಹೊಸದು ಸುಮಾರು 30 ವಾಟಿನಲ್ಲಿ ಮಾಡುತ್ತದೆ. ಅದು ದಿನವಿಡೀ ತಿರುಗುವಂಥದು. ಆದರೆ 500 ವಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ ಎರಡೂವರೆ ಯೂನಿಟ್ಟು. ಇದರಲ್ಲಿ ಏನನ್ನು ಉಳಿಸಲು ಹೊರಟಿದ್ದೇವೆ?

ಒಂದು ಸಂಗತಿ ನೆನಪಿಡತಕ್ಕದ್ದು. 1960ರ ದಶಕದ ಆರಂಭದಲ್ಲಿ ಮುಂಬಯಿಯ ಮಾಧುರಿ ಮಾಥುರ್ ಅವರ ಮನೆಯ ಜರ್ಮನಿಯ ಮಿಕ್ಸರು ಕೆಟ್ಟಿತು. ಎಂಜಿನಿಯರಾಗಿದ್ದ ಪತಿ ಸತ್ಯಪ್ರಕಾಶರು ‘ಹೊಸದು ತರೋಣ’ ಎನ್ನದೆ ಅದರ ಮೋಟಾರಿನ ಹಿಂದೆ ಬಿದ್ದರು. ನಮ್ಮ ಅಡಿಗೆಯ ಭಾರ ತಾಳುವ ಯಂತ್ರವನ್ನೇ ರೂಪಿಸಿದರು. ಸುಮೀತ್ ಮಿಕ್ಸಿ ಹುಟ್ಟಿದ್ದು ಹೀಗೆ. ಅಂದರೆ ನಾವು ಬಿಚ್ಚಲು ಅಂಜುವ ಈ ಯಂತ್ರದ ವಂಶದ ಮೂಲಪುರುಷನೇ ಒಂದು ರಿಪೇರಿ!

ಆದರೂ ಬಳಕೆದಾರರನ್ನಷ್ಟೇ ಬೈದು ಫಲವಿಲ್ಲ. ಸಾಮಾನ್ಯ ಸ್ಕ್ರೂಡ್ರೈವರಿಗೆ ಜಗ್ಗದ ಸ್ಕ್ರೂ ಹಾಕುವ, ಬಿಡಿಭಾಗ ಕೇಳಿದರೆ ‘ಆ ಮಾಡೆಲ್ ನಿಂತುಹೋಗಿದೆ’ ಎನ್ನುವ ತಯಾರಕರ ಪಾಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸಂತೋಷ. ಆದರೆ ಜಾಲತಾಣವನ್ನು ಮೋಟಾರಿಗೆ ತೊಡಿಸಲು ಬರುವುದಿಲ್ಲವಲ್ಲ! ಮೂರು ಜಾರು, ಬಣ್ಣಬಣ್ಣದ ಪಾಕಪುಸ್ತಕ ಕೊಡುವ ಕಂಪನಿಗಳು ಅದೇ ಪೆಟ್ಟಿಗೆಯಲ್ಲಿ ಎರಡು ಜೊತೆ ಬ್ರಷ್ಷು, ಅದರ ಅಳತೆ, ಮೋಟಾರಿನ ಒಂದು ಚಿತ್ರ ಇವನ್ನೂ ಇಡಲಿ. ಇಡದಿದ್ದರೆ, ಕೊಳ್ಳುವ ಮುಂಚೆ ಅಂಗಡಿಯಲ್ಲಿಯೇ ಕೇಳಿ, ಕಾಯಿಸಿ, ಸತಾಯಿಸಿ.