ಮರೆಮಾಚಬಾರದ ವರ್ಷಗಳು

ಕುಟುಂಬವತ್ಸಲರಾದ ಹಿರಿಯರೊಬ್ಬರು ಅಗಲಿದಾಗ ಅವರ ದುಡಿಮೆಯನ್ನೂ ದೇವಾಲಯದ ಸೇವೆಯನ್ನೂ ನಾವು ಸ್ಮರಿಸುತ್ತೇವೆ. ಬುದ್ಧಿ ಮಂಕಾದ ಕೊನೆಯ ವರ್ಷಗಳನ್ನು ಮಾತ್ರ ಮರೆಮಾಚುತ್ತೇವೆ. ಇದು ಸಲ್ಲದು.

ಕಿರುಪುಷ್ಪ ಸಂತ ತೆರೇಜಮ್ಮನವರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನಲ್ಲಿ ಗಡಿಯಾರದ ಕಸುಬಿನವರಾಗಿದ್ದರು. ಭಾನುವಾರ ಅಂಗಡಿ ತೆರೆಯುತ್ತಿರಲಿಲ್ಲ. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಬಾಲ್ಯದಲ್ಲೇ, ಪತ್ನಿ ಝೇಲಿಯವರನ್ನು 1877ರಲ್ಲಿ ಕಳೆದುಕೊಂಡರೂ ಐವರು ಪುತ್ರಿಯರನ್ನು ವಿಶ್ವಾಸದಲ್ಲಿ ಬೆಳೆಸಿದರು. 1889ರಿಂದ ಮೂರು ವರ್ಷ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದರು. ಆ ದಂಪತಿಗಳನ್ನೇ ಧರ್ಮಸಭೆ 2015ರಲ್ಲಿ ಸಂತರೆಂದು ಘೋಷಿಸಿತು.

ಹುಬ್ಬಳ್ಳಿಯಿಂದ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ತಂದೆಯನ್ನು ಕರೆದೊಯ್ಯುವ ಮಗನಿಗೆ ನಾಚಿಕೆಯೇಕೆ? ಸ್ಮರಣಶಕ್ತಿ ಅಳಿದರೂ ವ್ಯಕ್ತಿಯ ಘನತೆ ಅಳಿಯದು, ಅದು ದೇವರಿತ್ತದ್ದು. ಪ್ರಿಯ ಕುಟುಂಬಗಳೇ, ಅಂಥ ತಂದೆಯನ್ನು ಅವರು ಬದುಕಿರುವಾಗಲೇ ಭಾನುವಾರದ ಬಲಿಪೂಜೆಗೆ ಕರೆತನ್ನಿರಿ. ನಾವೆಲ್ಲರೂ ಅವರಿಗೆ ಸ್ಥಳ ಬಿಡೋಣ.